ಎಸ್‌ಜೇ ಪ್ರಕರಣ: ಮುಚ್ಚಿಟ್ಟ ಹೆಸರು, ಕಟ್ಟಿಕೊಂಡ ಪದವಿ

2007ರ ಮಾರ್ಚ್ ಮೊದಲ ವಾರದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ಹಿರಿಯ ಸ್ವಯಂಸೇವಕ ತನ್ನ ಎಲ್ಲ ಹೊಣೆಗಳನ್ನೂ ಬಿಟ್ಟು ಹೊರಟುಹೋದ. ಅಲ್ಲಿ ಆತನನ್ನು ಎಲ್ಲರೂ ಎಸ್‌ಜೇ ಎಂದು ಕರೆಯುತ್ತಿದ್ದರು. ಆ ಹೆಸರಿನ ಹಿಂದೆ ಧರ್ಮಶಾಸ್ತ್ರದ (ಥಿಯಾಲಜಿ) ಪ್ರೊಫೆಸರ್ ಒಬ್ಬರಿದ್ದಾರೆ ಎಂದು ಎರಡು ವರ್ಷ ಜನ ನಂಬಿದ್ದರು. ಇದ್ದವನು 24 ವರ್ಷದ ಯುವಕ. ಆತನಿಗೆ ಡಾಕ್ಟರೇಟ್ ಇರಲಿಲ್ಲ, ಸ್ನಾತಕೋತ್ತರ ಪದವಿಯೂ ಇರಲಿಲ್ಲ. ಯಾವ ಕಾಲೇಜಿನಲ್ಲೂ ಪಾಠ ಮಾಡಿರಲಿಲ್ಲ.

ಆತನ ನಿಜವಾದ ಹೆಸರು ಆಗ ಪತ್ರಿಕೆಗಳಲ್ಲೆಲ್ಲ ಬಂತು. ಈ ಬರಹದಲ್ಲಿ ನಾನು ಅದನ್ನು ಹೇಳುವುದಿಲ್ಲ. ಏನಾಯಿತು, ಯಾಕೆ ತಪ್ಪಾಯಿತು ಎಂದು ತಿಳಿಯಲು ಆ ಹೆಸರು ಬೇಕಾಗಿಯೇ ಇಲ್ಲ. ಬೇಕಾಗಿಲ್ಲ ಎನ್ನುವುದೇ ನನ್ನ ವಾದದ ಅರ್ಧ ಭಾಗ.

ಈ ಪ್ರಕರಣದ ಮಾತು ಬಂದಾಗಲೆಲ್ಲ ಒಂದು ಸಲಹೆ ಹಿಂದೆಯೇ ಬರುತ್ತದೆ: ಆನ್‌ಲೈನ್‌ನಲ್ಲಿ ವಿದ್ಯೆಯ ವಿಷಯ ಚರ್ಚಿಸುವವರು ನಿಜವಾದ ಹೆಸರಿನಲ್ಲೇ ಬರೆಯಬೇಕು, ಆಗ ಇಂಥದ್ದು ಆಗುವುದಿಲ್ಲ. ಕೇಳಲು ಸರಿ ಅನಿಸುತ್ತದೆ. ಆದರೆ ನಡೆದದ್ದನ್ನು ಒಂದೊಂದಾಗಿ ನೋಡುತ್ತ ಹೋದರೆ ಆ ಸಲಹೆ ಗುರಿ ತಪ್ಪಿದೆ ಎಂದು ಗೊತ್ತಾಗುತ್ತದೆ.

ಎಸ್‌ಜೇ ಏನು ಮಾಡುತ್ತಿದ್ದ

ಎಸ್‌ಜೇ ವಿಕಿಪೀಡಿಯದಲ್ಲಿ ಖಾತೆ ತೆರೆದದ್ದು 2005ರಲ್ಲಿ. ತನ್ನ ಪರಿಚಯದ ಪುಟದಲ್ಲಿ ಆತ ಬರೆದುಕೊಂಡದ್ದು ಹೀಗೆ: ಅಮೆರಿಕದ ಪೂರ್ವ ಭಾಗದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ಕಾಯಂ ಪ್ರೊಫೆಸರ್. ಬಿಎ, ಎಂಎ, ಪಿಎಚ್‌ಡಿ, ಅದರ ಮೇಲೆ ಕ್ಯಾಥೊಲಿಕ್ ಚರ್ಚಿನ ಕಾನೂನಿನಲ್ಲಿ ಇನ್ನೊಂದು ಡಾಕ್ಟರೇಟ್. ವಿಶ್ವವಿದ್ಯಾಲಯದ ಹೆಸರು ಇರಲಿಲ್ಲ. ಊರೂ ಇರಲಿಲ್ಲ. ಪದವಿಗಳು ಮಾತ್ರ ಸಾಲಾಗಿ ಇದ್ದವು.

ಆಮೇಲೆ ಆತ ಕೆಲಸಕ್ಕೆ ಇಳಿದ. ಆ ಕೆಲಸ ನಿಜವಾದದ್ದು, ಬಹಳ ಜಾಸ್ತಿಯೂ ಇತ್ತು. ಲೇಖನಗಳನ್ನು ಹಾಳು ಮಾಡುವವರ ಕಿತಾಪತಿಯನ್ನು ಹಿಡಿದು ಸರಿಪಡಿಸುವುದು, ಜಗಳ ಬಿಡಿಸುವುದು, ಹೊಸಬರಿಗೆ ನಿಯಮ ಹೇಳಿಕೊಡುವುದು. ವಿಕಿಪೀಡಿಯ ನಡೆಯುವುದೇ ಇಂಥ ಕೆಲಸದ ಮೇಲೆ. ಬಹಳ ಜನಕ್ಕೆ ಇದು ಬೇಸರದ ಕೆಲಸ. ಎಸ್‌ಜೇ ಬೇಸರಪಡದೆ ಮಾಡುತ್ತಿದ್ದ. ಅದನ್ನು ನೋಡಿ ಸಮುದಾಯ ಆತನನ್ನು ಆಡಳಿತಗಾರನನ್ನಾಗಿ, ಅಂದರೆ ಖಾತೆ ತಡೆಯುವ, ಪುಟ ಅಳಿಸುವ ಅಧಿಕಾರ ಇರುವವನನ್ನಾಗಿ ಮಾಡಿತು. ಅನಂತರ ಬೇರೆಯವರಿಗೆ ಆ ಹುದ್ದೆ ಕೊಡಿಸುವ ಅಧಿಕಾರವೂ ಬಂತು. ಜಗಳವಾಡುವವರನ್ನು ರಾಜಿ ಮಾಡಿಸುವ ಮಧ್ಯಸ್ಥಿಕೆ ಸಮಿತಿಯಲ್ಲಿ ಜಾಗ ಸಿಕ್ಕಿತು. ಇನ್ನೊಂದು ಸೂಕ್ಷ್ಮವಾದ ಅಧಿಕಾರವೂ ಇತ್ತು. ಒಂದು ಖಾತೆಯ ಹಿಂದಿನ ಇಂಟರ್ನೆಟ್ ವಿಳಾಸವನ್ನು ನೋಡಿ, ಒಬ್ಬನೇ ಎರಡು ಮೂರು ಹೆಸರಿನಲ್ಲಿ ಬರೆಯುತ್ತಿದ್ದಾನೆಯೇ ಎಂದು ಪತ್ತೆ ಹಚ್ಚುವ ಅಧಿಕಾರ ಅದು. ಅಂದರೆ ಬೇರೆಯವರ ಗುರುತಿನ ಸುಳಿವು ನೋಡುವಷ್ಟು ನಂಬಿಕೆಯನ್ನು ಆತನ ಮೇಲೆ ಇಟ್ಟಿದ್ದರು.

ಇಷ್ಟರ ತನಕ ಆತನ ಹೆಸರು ಗೊತ್ತಿಲ್ಲದಿದ್ದರೂ ಆತನ ನಡತೆ ಎಲ್ಲರ ಕಣ್ಣೆದುರೇ ಇತ್ತು. ಮಾಡಿದ ಒಂದೊಂದು ತಿದ್ದುಪಡಿಯೂ ದಿನಾಂಕ, ಸಮಯದ ಸಮೇತ ಉಳಿಯುತ್ತದೆ. ಆಡಿದ ಮಾತು ಚರ್ಚೆಯ ಪುಟದಲ್ಲಿ ಉಳಿಯುತ್ತದೆ. ಒಂದು ಗುಪ್ತನಾಮಕ್ಕೆ ಗೌರವ ಬರುವುದು ಹೀಗೆಯೇ. ಅದರಲ್ಲಿ ಮೋಸವಿಲ್ಲ.

ಮೋಸ ಶುರುವಾದದ್ದು ಆ ಪದವಿಗಳನ್ನು ಆತ ಕೆಲಸಕ್ಕೆ ಹಚ್ಚಿದಾಗ. ಎರಡು ಸಂದರ್ಭಗಳು ದಾಖಲೆಯಲ್ಲಿವೆ.

ಮೊದಲನೆಯದು 2005ರ ಒಂದು ಚರ್ಚೆ. ಕ್ಯಾಥೊಲಿಕ್ ಚರ್ಚು ಒಂದು ಪುಸ್ತಕವನ್ನು ಅಚ್ಚು ಹಾಕಲು ಕೊಡುವ ಅಧಿಕೃತ ಒಪ್ಪಿಗೆಯ ಬಗ್ಗೆ ಲೇಖನ. ಅದರಲ್ಲಿ ಏನು ಬರೆಯಬೇಕು ಎಂದು ಇಬ್ಬರ ನಡುವೆ ವಾದ ನಡೆಯಿತು. ಎಸ್‌ಜೇ ಆಧಾರವಾಗಿ ಕೊಟ್ಟದ್ದು ಏನೂ ಗೊತ್ತಿಲ್ಲದವರಿಗಾಗಿ ಬರೆದ ಒಂದು ಜನಪ್ರಿಯ ಕೈಪಿಡಿಯನ್ನು. ಅದರ ಜೊತೆಗೆ ಆತ ಸೇರಿಸಿದ ಮಾತು ಗಮನಿಸಬೇಕು. ಈ ಪುಸ್ತಕವನ್ನು ನನ್ನ ವಿದ್ಯಾರ್ಥಿಗಳಿಗೆ ಓದಲು ಹೇಳುತ್ತೇನೆ, ಇದು ನಂಬಬಹುದಾದದ್ದು ಎನ್ನಲು ನನ್ನ ಪಿಎಚ್‌ಡಿಯನ್ನೇ ಪಣಕ್ಕಿಡುತ್ತೇನೆ ಎನ್ನುವ ಅರ್ಥದ ಮಾತು. ವಿದ್ಯಾರ್ಥಿಗಳೂ ಇರಲಿಲ್ಲ, ಪಿಎಚ್‌ಡಿಯೂ ಇರಲಿಲ್ಲ.

ಎರಡನೆಯದು ಒಂದು ಪತ್ರ. ವಿಕಿಪೀಡಿಯವನ್ನು ನಂಬಬಹುದು ಎಂದು ಕಾಲೇಜಿನ ಅಧ್ಯಾಪಕರಿಗೆ ತಿಳಿಸುವ ಪತ್ರ. ಅದರಲ್ಲಿ ಎಸ್‌ಜೇ ತಾನೂ ಧರ್ಮಶಾಸ್ತ್ರದ ಕಾಯಂ ಪ್ರೊಫೆಸರ್ ಎಂದು ಬರೆದ. ನನ್ನ ಹಿನ್ನೆಲೆ, ಪದವಿಗಳನ್ನು ತಿಳಿಯಬೇಕಿದ್ದರೆ ನನ್ನ ಪರಿಚಯದ ಪುಟ ನೋಡಿ ಎಂದೂ ಸೇರಿಸಿದ. ಒಬ್ಬ ಅಧ್ಯಾಪಕ ಇನ್ನೊಬ್ಬ ಅಧ್ಯಾಪಕನಿಗೆ ಬರೆದಂತೆ ಕಾಣುವ ಪತ್ರ ಅದು. ಹಾಗಾಗಿಯೇ ಅದಕ್ಕೆ ತೂಕ.

ಈ ಎರಡನ್ನೂ ಬಿಟ್ಟರೆ ಉಳಿದ ಕಥೆ ಒಂದು ಸುಳ್ಳು ಪರಿಚಯದ ಪುಟದ ಕಥೆ ಅಷ್ಟೇ. ಇವೆರಡನ್ನು ಸೇರಿಸಿದಾಗ ಅದು ಬೇರೆಯೇ ಆಗುತ್ತದೆ.

ಪತ್ರಿಕೆಯ ಲೇಖನ, ಮತ್ತೆ ತಿದ್ದುಪಡಿ

2006ರ ಜುಲೈ 31ರ ಸಂಚಿಕೆಯಲ್ಲಿ ಅಮೆರಿಕದ ದಿ ನ್ಯೂಯಾರ್ಕರ್ ಪತ್ರಿಕೆ ವಿಕಿಪೀಡಿಯದ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ಬರೆದವರು ಸ್ಟೇಸಿ ಶಿಫ್, ಜೀವನಚರಿತ್ರೆಗೆ ಪುಲಿಟ್ಜರ್ ಬಹುಮಾನ ಪಡೆದ ಲೇಖಕಿ. ಲೇಖನದಲ್ಲಿ ಎಸ್‌ಜೇ ಮುಖ್ಯ ವ್ಯಕ್ತಿಗಳಲ್ಲಿ ಒಬ್ಬ. ಧರ್ಮಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ, ಚರ್ಚಿನ ಕಾನೂನಿನಲ್ಲಿ ಪದವಿ ಇರುವ, 16 ಸಾವಿರ ಲೇಖನಗಳಲ್ಲಿ ಕೈ ಆಡಿಸಿದ ಪ್ರೊಫೆಸರ್ ಎಂದು ಪರಿಚಯಿಸಿದರು.

ಆ ಪತ್ರಿಕೆ ಪ್ರತಿ ವಾಕ್ಯವನ್ನೂ ಪರಿಶೀಲಿಸುವುದಕ್ಕೆ ಹೆಸರಾದದ್ದು. ಹಾಗಿದ್ದೂ ಇದು ಹೇಗೆ ನುಸುಳಿತು? ಪತ್ರಿಕೆ ಆಮೇಲೆ ಕೊಟ್ಟ ವಿವರಣೆಯಲ್ಲೇ ಉತ್ತರವಿದೆ. ವಿಕಿಪೀಡಿಯದ ಆಡಳಿತ ತಂಡದ ಒಬ್ಬರು ಎಸ್‌ಜೇಯ ಹೆಸರು ಸೂಚಿಸಿದ್ದರು. ಸಮುದಾಯದಲ್ಲಿ ಆತನಿಗೆ ಒಳ್ಳೆಯ ಗೌರವವಿತ್ತು, ಅದಕ್ಕೆ. ಎಸ್‌ಜೇ ತನ್ನ ಕೆಲಸದ ಬಗ್ಗೆ ಮಾತಾಡಿದ, ಗುರುತು ಕೊಡಲು ಒಪ್ಪಲಿಲ್ಲ. ಪರಿಚಯದ ಪುಟದಲ್ಲಿ ಇರುವುದು ನಿಜ ಎಂದಷ್ಟೇ ಹೇಳಿದ. ಲೇಖನ ಅಚ್ಚಾಗುವಾಗ ಆತನ ನಿಜವಾದ ಹೆಸರು ಪತ್ರಿಕೆಗೂ ಗೊತ್ತಿರಲಿಲ್ಲ, ವಿಕಿಪೀಡಿಯಕ್ಕೂ ಗೊತ್ತಿರಲಿಲ್ಲ.

ಇಲ್ಲಿ ನಂಬಿಕೆ ಒಂದು ಸುತ್ತು ತಿರುಗಿ ಅದೇ ಜಾಗಕ್ಕೆ ಬಂದಿದೆ ನೋಡಿ. ಪುಟದಲ್ಲಿ ಬರೆದದ್ದು ನಿಜವೇ ಎಂದು ಪುಟ ಬರೆದವನನ್ನೇ ಕೇಳಿದರು. ಸಮುದಾಯ ಆತನನ್ನು ನಂಬಿದ್ದು ಕೆಲಸ ನೋಡಿ. ಪತ್ರಿಕೆ ಆ ನಂಬಿಕೆಯನ್ನು ಪದವಿಗೂ ಸಾಕ್ಷಿ ಎಂದು ತೆಗೆದುಕೊಂಡಿತು. ಒಬ್ಬ ಮನುಷ್ಯ ಶ್ರದ್ಧೆಯಿಂದ ದುಡಿಯುತ್ತಾನೆ ಎನ್ನುವುದು ಆತನಿಗೆ ಪಿಎಚ್‌ಡಿ ಇದೆ ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ ಅಲ್ವಾ? ಎರಡು ಬೇರೆ ಬೇರೆ ನಂಬಿಕೆಗಳು. ಈ ಪ್ರಕರಣದಲ್ಲಿ ಹೆಜ್ಜೆ ಹೆಜ್ಜೆಗೂ ಅವನ್ನು ಒಂದೇ ಎಂದು ಕಲಸಿದ್ದಾರೆ.

2007ರ ಜನವರಿಯಲ್ಲಿ ವಿಕಿಯಾ ಎನ್ನುವ ಕಂಪನಿ ಎಸ್‌ಜೇಗೆ ಸಂಬಳದ ಕೆಲಸ ಕೊಟ್ಟಿತು. ವಿಕಿಪೀಡಿಯದ ಸಹಸ್ಥಾಪಕ ಜಿಮ್ಮಿ ವೇಲ್ಸ್ ಕಟ್ಟಿದ ಲಾಭದ ಕಂಪನಿ ಅದು. ಆ ಕೆಲಸಕ್ಕೆ ಸೇರಿದ ಮೇಲೆ ಎಸ್‌ಜೇ ಅಲ್ಲಿನ ಪುಟದಲ್ಲಿ ತನ್ನ ನಿಜವಾದ ಹೆಸರು, ವಯಸ್ಸು ಹಾಕಿದ. ಯಾರೂ ಆತನನ್ನು ಬಲೆ ಬೀಸಿ ಹಿಡಿದದ್ದಲ್ಲ, ಆತನೇ ಬರೆದದ್ದು. ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ವಿಕಿಪೀಡಿಯವನ್ನು ಮೊದಲಿನಿಂದಲೂ ಟೀಕಿಸುತ್ತಿದ್ದ ಡೇನಿಯಲ್ ಬ್ರಾಂಟ್ ಅದನ್ನು ಗಮನಿಸಿ ನ್ಯೂಯಾರ್ಕರ್‌ಗೆ ತಿಳಿಸಿದರು. ಫೆಬ್ರವರಿ ಕೊನೆಯಲ್ಲಿ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು.

ವೇಲ್ಸ್ ಕೊಟ್ಟ ಎರಡು ಉತ್ತರ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಹೃದಯ ಇಲ್ಲಿದೆ.

ತಿದ್ದುಪಡಿಯಲ್ಲೇ ವೇಲ್ಸ್ ಅವರ ಪ್ರತಿಕ್ರಿಯೆಯೂ ಅಚ್ಚಾಗಿತ್ತು. ಎಸ್‌ಜೇ ಎನ್ನುವುದನ್ನು ಗುಪ್ತನಾಮ ಎಂದೇ ತಿಳಿಯುತ್ತೇನೆ, ಅದರಿಂದ ನನಗೇನೂ ತೊಂದರೆ ಇಲ್ಲ ಎಂದಿದ್ದರು. ಅದೇ ಫೆಬ್ರವರಿಯಲ್ಲಿ ಅವರು ಎಸ್‌ಜೇಯನ್ನು ವಿಕಿಪೀಡಿಯದ ಪಂಚಾಯ್ತಿ ಸಮಿತಿಗೂ ನೇಮಿಸಿದ್ದರು. ಆ ಸಮಿತಿ ಬಳಕೆದಾರರ ಜಗಳಗಳಿಗೆ ಕೊನೆಯ ತೀರ್ಪು ಕೊಡುವಂಥದ್ದು.

ಕೆಲವು ದಿನಗಳಲ್ಲೇ ಅವರ ಮಾತು ಬದಲಾಯಿತು. ಆಗ ಅವರು ಭಾರತದಲ್ಲಿದ್ದರು. ಇಂಟರ್ನೆಟ್ ಸರಿಯಾಗಿ ಸಿಗದ ದೂರದ ಜಾಗದಲ್ಲಿ ಕೆಲವು ದಿನ ಇದ್ದೆ ಎಂದು ಅವರೇ ಬರೆದರು. ಎಸ್‌ಜೇ ಸುಳ್ಳು ಪದವಿಗಳನ್ನು ಲೇಖನದ ವಾದಗಳಲ್ಲಿ ಬಳಸಿದ್ದಾನೆ ಎನ್ನುವುದು ಈಗಷ್ಟೇ ಗೊತ್ತಾಯಿತು, ಗೊತ್ತಿಲ್ಲದೆಯೇ ಹಿಂದೆ ಬೆಂಬಲಿಸಿದ್ದೆ ಎಂದರು. ಮಾರ್ಚ್ 3ರಂದು, ನಂಬಿಕೆಯ ಹುದ್ದೆಗಳನ್ನೆಲ್ಲ ಬಿಡಬೇಕೆಂದು ಎಸ್‌ಜೇಗೆ ಹೇಳಿದ್ದಾಗಿ ಪ್ರಕಟಿಸಿದರು. ಎಸ್‌ಜೇ ಹುದ್ದೆಗಳನ್ನು ಬಿಟ್ಟ, ವಿಕಿಪೀಡಿಯವನ್ನೂ ಬಿಟ್ಟ. ವಿಕಿಯಾದ ಕೆಲಸವೂ ಹೋಯಿತು.

ಆಗ ಬಹಳ ಜನ ವೇಲ್ಸ್ ಮಾತು ಬದಲಿಸಿದರು ಎಂದು ದೂರಿದರು. ನನಗೆ ಎರಡನೆಯ ಮಾತು ಮೊದಲನೆಯದಕ್ಕಿಂತ ಎಷ್ಟೋ ಖಚಿತ ಅನಿಸುತ್ತದೆ. ಮೊದಲ ಉತ್ತರದಲ್ಲಿ ಸುಳ್ಳು ಪದವಿಯನ್ನು ಗುಪ್ತನಾಮದ ಒಂದು ಭಾಗ ಎಂದುಕೊಂಡಿದ್ದರು. ಎರಡನೆಯದರಲ್ಲಿ ಆ ಪದವಿ ಏನು ಕೆಲಸ ಮಾಡಿತು ಎಂದು ನೋಡಿದರು. ನೋಡಬೇಕಾದದ್ದೂ ಅದನ್ನೇ. ಆದರೂ ಒಂದು ದೂರು ನ್ಯಾಯವಾದದ್ದು. ಆ ಹಳೆಯ ಚರ್ಚೆಗಳು ಎಲ್ಲರಿಗೂ ಕಾಣುವಂತೆ ಅಲ್ಲೇ ಇದ್ದವು. ಸಮಿತಿಗೆ ನೇಮಿಸುವ ಮೊದಲು ಯಾರಾದರೂ ಒಂದು ಸಂಜೆ ಕೂತು ಓದಬಹುದಿತ್ತು. ಅಲ್ಲಿ ಹುಡುಕಿ ತೆಗೆದವರು ಸಾಮಾನ್ಯ ಬಳಕೆದಾರರು, ಅದೂ ಗಲಾಟೆ ಶುರುವಾದ ಮೇಲೆ. ಅವರಲ್ಲಿ ಬಹುಪಾಲು ಜನ ಗುಪ್ತನಾಮದವರೇ.

ಆತ ಕೊಟ್ಟ ಕಾರಣ

ಎಸ್‌ಜೇ ತನ್ನ ಪರವಾಗಿ ಹೇಳಿದ್ದು ಇದು: ಕಾಟ ಕೊಡುವವರಿಂದ, ಹಿಂಬಾಲಿಸುವವರಿಂದ ತಪ್ಪಿಸಿಕೊಳ್ಳಲು ಬೇರೆಯೇ ಒಬ್ಬ ವ್ಯಕ್ತಿಯಂತೆ ಕಾಣಿಸಿಕೊಂಡೆ.

ಭಯ ಸುಳ್ಳಲ್ಲ. ಆಡಳಿತಗಾರರು ದಿನವೂ ಯಾರನ್ನೋ ತಡೆಯುತ್ತಾರೆ, ಯಾರದೋ ಬರಹ ಅಳಿಸುತ್ತಾರೆ. ಸಿಟ್ಟಾದವರು ಸುಮ್ನೆ ಇರುವುದಿಲ್ಲ. ಮನೆಗೆ, ಕೆಲಸದ ಜಾಗಕ್ಕೆ ಫೋನ್ ಮಾಡಿ ಕಾಟ ಕೊಟ್ಟ ಉದಾಹರಣೆಗಳು ಇಂಥ ಎಲ್ಲ ಸಮುದಾಯಗಳಲ್ಲೂ ಇವೆ. ಹೆಸರು ಮುಚ್ಚಿಡುವ ಹಕ್ಕು ಎಸ್‌ಜೇಗೆ ಖಂಡಿತ ಇತ್ತು.

ಆದರೆ ಮುಚ್ಚಿಡಲು ಏನೂ ಹೇಳದೇ ಇದ್ದರೆ ಸಾಕಿತ್ತು. ಊರು ಬದಲಿಸಿ ಹೇಳಬಹುದಿತ್ತು, ವಯಸ್ಸು ಹೇಳದೆ ಬಿಡಬಹುದಿತ್ತು. ಕಾಟ ಕೊಡುವವನ ದಾರಿ ತಪ್ಪಿಸಲು ಎರಡು ಡಾಕ್ಟರೇಟ್ ಯಾಕೆ ಬೇಕು? ಸುಳ್ಳು ಯಾವ ದಿಕ್ಕಿಗೆ ಹೋಗಿದೆ ಎಂದು ನೋಡಬೇಕು. ಎಸ್‌ಜೇಯ ಸುಳ್ಳು ಪಕ್ಕಕ್ಕೆ ಹೋಗಿಲ್ಲ, ಮೇಲಕ್ಕೆ ಹೋಗಿದೆ. ತಾನು ಗುಮಾಸ್ತ ಎಂದು ಹೇಳಿಕೊಂಡಿದ್ದರೆ ಆತನ ಗುರುತು ಅಷ್ಟೇ ಚೆನ್ನಾಗಿ ಮುಚ್ಚಿಹೋಗುತ್ತಿತ್ತು. ವಾದದಲ್ಲಿ ಮಾತ್ರ ಯಾವ ಲಾಭವೂ ಸಿಗುತ್ತಿರಲಿಲ್ಲ.

ನನಗೆ ಜಾಸ್ತಿ ಬೇಸರ ತರುವುದು ಇನ್ನೊಂದು. ಆತನಿಗೆ ಈ ಸುಳ್ಳು ಬೇಕಾಗಿರಲಿಲ್ಲ. ಕಿತಾಪತಿ ಹಿಡಿಯಲು, ಜಗಳ ಬಿಡಿಸಲು, ಹೊಸಬರ ಕೈ ಹಿಡಿಯಲು ಧರ್ಮಶಾಸ್ತ್ರದ ಡಾಕ್ಟರೇಟ್ ಏನೂ ಬೇಡ. 24 ವರ್ಷದ ಒಬ್ಬ ಹುಡುಗ, ದೊಡ್ಡ ಪದವಿ ಇಲ್ಲದೆ, ಬರೀ ತಾಳ್ಮೆಯಿಂದ ಜಗತ್ತಿನ ಅತಿ ದೊಡ್ಡ ವಿಶ್ವಕೋಶದಲ್ಲಿ ಇಷ್ಟು ಗೌರವ ಗಳಿಸಿದ ಎನ್ನುವುದೇ ದೊಡ್ಡ ಮಾತಾಗುತ್ತಿತ್ತು. ಈಗ ಆತನಿಗೆ ಸಿಕ್ಕ ಗೌರವದಲ್ಲಿ ಕೆಲಸದ ಪಾಲು ಎಷ್ಟು, ಪದವಿಯ ಪಾಲು ಎಷ್ಟು ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಸುಳ್ಳು ತನ್ನ ಪಕ್ಕದಲ್ಲಿದ್ದ ಪ್ರಾಮಾಣಿಕ ದುಡಿಮೆಯನ್ನೂ ಹಾಳು ಮಾಡಿತು.

ವಾದದಲ್ಲಿ ಎದುರಿಗಿದ್ದವರು

ಈ ಕಥೆ ಹೇಳುವವರು ಎಸ್‌ಜೇ, ವೇಲ್ಸ್, ಪತ್ರಿಕೆ ಈ ಮೂವರನ್ನೇ ನೆನೆಯುತ್ತಾರೆ. ಆ 2005ರ ಚರ್ಚೆಯಲ್ಲಿ ಎದುರಿಗಿದ್ದವರನ್ನು ಯಾರೂ ನೆನೆಯುವುದಿಲ್ಲ. ನಿಜವಾಗಿ ಅನ್ಯಾಯ ಆದದ್ದು ಅವರಿಗೆ.

ಯೋಚಿಸಿ. ಒಂದು ವಾಕ್ಯ ಸರಿಯೋ ತಪ್ಪೋ ಎಂದು ವಾದ ನಡೆಯುತ್ತಿದೆ. ನಿಮ್ಮ ಬಳಿ ಒಂದು ಆಧಾರ ಇದೆ. ಎದುರಿನವರು, ಇದನ್ನೇ ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ ಎನ್ನುತ್ತಾರೆ. ಈಗ ನೀವೇನು ಮಾಡುತ್ತೀರಿ? ಯಾವ ಕಾಲೇಜು ಎಂದು ಕೇಳುವ ಹಾಗಿಲ್ಲ. ಗುರುತು ಕೇಳುವುದು ಅಲ್ಲಿ ಸಭ್ಯತೆಯಲ್ಲ, ಬಯಲು ಮಾಡಲು ನಿಯಮವೂ ಬಿಡುವುದಿಲ್ಲ. ಸುಳ್ಳು ಹೇಳುತ್ತೀರಿ ಎನ್ನುವ ಹಾಗೂ ಇಲ್ಲ. ಎದುರಿನವರ ಬಗ್ಗೆ ಒಳ್ಳೆಯದನ್ನೇ ಊಹಿಸಿ ಎನ್ನುವುದು ವಿಕಿಪೀಡಿಯದ ಮೂಲ ಶಿಸ್ತು. ಉಳಿಯುವುದು ಒಂದೇ ದಾರಿ, ಹಿಂದೆ ಸರಿಯುವುದು. ಗುಪ್ತನಾಮಕ್ಕೆ ಕೊಟ್ಟ ರಕ್ಷಣೆಯೇ ಇಲ್ಲಿ ಸುಳ್ಳಿಗೆ ಬೇಲಿಯಾಯಿತು.

ನಿಜವಾದ ಹೆಸರಿನಲ್ಲಿ ಬರೆಯುವ ಪ್ರೊಫೆಸರ್ ಹೀಗೆ ಹೇಳಿದರೆ ಪರಿಸ್ಥಿತಿ ಬೇರೆ. ಅವರ ಪುಟ, ಅವರ ಪ್ರಬಂಧ, ಅವರ ಸಹೋದ್ಯೋಗಿಗಳು, ಯಾವುದನ್ನಾದರೂ ನೋಡಬಹುದು. ಸುಳ್ಳಾದರೆ ಮರ್ಯಾದೆ ಹೋಗುವುದು ಅವರದೇ. ಪಣಕ್ಕಿಟ್ಟದ್ದು ನಿಜವಾಗಿ ಪಣದಲ್ಲಿದೆ. ಗುಪ್ತನಾಮದವನು ಪಿಎಚ್‌ಡಿಯನ್ನು ಪಣಕ್ಕಿಟ್ಟರೆ ಸೋತಾಗ ಕಳೆದುಕೊಳ್ಳಲು ಅಲ್ಲಿ ಏನೂ ಇಲ್ಲ. ಹಾಗಾಗಿ ನಿಯಮ ಸರಳ ಎಂದು ನನ್ನ ಅಭಿಪ್ರಾಯ. ಹೆಸರನ್ನು ಚಪ್ಪಲಿಯಂತೆ ಬಾಗಿಲಾಚೆ ಬಿಟ್ಟು ಒಳಗೆ ಬಂದವರು ಪದವಿಯನ್ನೂ ಅಲ್ಲೇ ಬಿಟ್ಟು ಬರಬೇಕು. ಪದವಿ ನಿಜವಾಗಿ ಇದ್ದರೂ ಅಷ್ಟೇ. ಇದೆಯೋ ಇಲ್ಲವೋ ಎಂದು ಎದುರಿನವರಿಗೆ ತಿಳಿಯುವ ದಾರಿ ಇಲ್ಲದಿರುವಾಗ ಅದನ್ನು ವಾದಕ್ಕೆ ತರುವುದು ನ್ಯಾಯವಲ್ಲ.

ಇನ್ನೊಂದು ಮಾತು. ವಿಕಿಪೀಡಿಯದ ನಿಯಮದ ಪ್ರಕಾರ ನಿಜವಾದ ಪ್ರೊಫೆಸರ್ ಮಾತಿಗೂ ಬೆಲೆ ಇಲ್ಲ. ಪ್ರಕಟವಾದ ಆಧಾರ ತೋರಿಸಬೇಕು. ನಿಯಮ ಇಷ್ಟು ಗಟ್ಟಿಯಾಗಿದ್ದೂ ಪದವಿಗೆ ತೂಕ ಬಂದದ್ದು ಹೇಗೆ? ಮನುಷ್ಯರು ದಣಿಯುತ್ತಾರೆ. ಹತ್ತು ಸಂದೇಶಗಳ ವಾದ ಆದ ಮೇಲೆ ಒಬ್ಬರು ನಾನು ಈ ವಿಷಯದ ಪ್ರೊಫೆಸರ್ ಎಂದರೆ ಉಳಿದವರಿಗೆ ನಿಲ್ಲಿಸಲು ಒಂದು ನೆಪ ಸಿಗುತ್ತದೆ. ನಿಯಮದಲ್ಲಿ ಇಲ್ಲದ ತೂಕ ನಡೆಯಲ್ಲಿ ಬಂದು ಕೂರುತ್ತದೆ. ಯಾವ ನಿಯಮಾವಳಿಯೂ ಇದನ್ನು ಪೂರ್ತಿ ತಡೆಯಲಾರದು. ಗಮನಿಸಿ, ಬಾಯಿಬಿಟ್ಟು ಹೇಳುವ ಜನ ಬೇಕು.

ಗುಪ್ತನಾಮ ಚೆನ್ನಾಗಿ ಕೆಲಸ ಮಾಡಿದ ಕಡೆ

ಹೆಸರಿಲ್ಲದೆ ಒಳ್ಳೆಯ ವಿದ್ಯೆ ಬೆಳೆದ ಉದಾಹರಣೆಗಳು ಬೇಕಾದಷ್ಟಿವೆ. 1908ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆ ಬಯೋಮೆಟ್ರಿಕಾದಲ್ಲಿ ‘ಸ್ಟೂಡೆಂಟ್’ ಎನ್ನುವ ಹೆಸರಿನಲ್ಲಿ ಒಂದು ಪ್ರಬಂಧ ಬಂತು. ಕಡಿಮೆ ಮಾದರಿಗಳಿಂದ ತೀರ್ಮಾನಕ್ಕೆ ಬರುವುದು ಹೇಗೆ ಎಂದು ತೋರಿಸಿದ ಪ್ರಬಂಧ. ಇವತ್ತಿಗೂ ಸಂಖ್ಯಾಶಾಸ್ತ್ರ ಓದುವ ಪ್ರತಿಯೊಬ್ಬರೂ ಕಲಿಯುವ ಟಿ-ಪರೀಕ್ಷೆಯ ಬೇರು ಅದು. ಬರೆದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ವಿಲಿಯಂ ಗಾಸೆಟ್. ಆ ಪ್ರಬಂಧದಲ್ಲಿ ಅವರು ನಾನು ಇಂಥ ದೊಡ್ಡ ಮನುಷ್ಯ, ನಂಬಿ ಎನ್ನಲಿಲ್ಲ. ಲೆಕ್ಕ ಎದುರಿಗಿಟ್ಟರು. ತಪ್ಪಿದ್ದರೆ ಓದಿದವರು ಹಿಡಿಯಬಹುದಿತ್ತು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಪಬ್‌ಪಿಯರ್. ಪ್ರಕಟವಾದ ಸಂಶೋಧನಾ ಪ್ರಬಂಧಗಳ ಮೇಲೆ ಯಾರಾದರೂ, ಹೆಸರಿಲ್ಲದೆಯೂ, ಪ್ರಶ್ನೆ ಎತ್ತಬಹುದಾದ ತಾಣ ಅದು. 2012ರಲ್ಲಿ ಶುರುವಾಯಿತು. ನಡೆಸುವವರು ಯಾರು ಎನ್ನುವುದೇ 2015ರ ತನಕ ಹೊರಗೆ ಗೊತ್ತಿರಲಿಲ್ಲ. ಅಲ್ಲಿನ ಟೀಕೆಗಳಿಂದ ತನಗೆ ಸಿಗಬೇಕಿದ್ದ ಕೆಲಸ ತಪ್ಪಿತು ಎಂದು ಅಮೆರಿಕದ ಮಿಷಿಗನ್ ರಾಜ್ಯದ ಒಬ್ಬ ವಿಜ್ಞಾನಿ 2014ರಲ್ಲಿ ಮೊಕದ್ದಮೆ ಹೂಡಿದರು. ಬರೆದವರ ಗುರುತು ಕೊಡಿ ಎನ್ನುವುದು ಅವರ ಬೇಡಿಕೆ. 2016ರ ಡಿಸೆಂಬರ್‌ನಲ್ಲಿ ಮಿಷಿಗನ್‌ನ ಮೇಲ್ಮನವಿ ನ್ಯಾಯಾಲಯ ಹೆಸರಿಲ್ಲದೆ ಬರೆದವರ ಪರವಾಗಿ ತೀರ್ಪು ಕೊಟ್ಟಿತು.

ಅಲ್ಲಿ ಒಳ್ಳೆಯ ಟೀಕೆ ಹೇಗಿರುತ್ತದೆ ಎಂದರೆ, ಇಂಥ ಪ್ರಬಂಧದ ಇಂಥ ಚಿತ್ರ ಇನ್ನೊಂದು ಪ್ರಬಂಧದ ಚಿತ್ರದಂತೆಯೇ ಕಾಣುತ್ತಿದೆ, ನೋಡಿ. ಹೇಳಿದವರು ಯಾರು ಎನ್ನುವುದು ಬೇಕಾಗಿಲ್ಲ. ಎರಡೂ ಚಿತ್ರ ಎದುರಿಗಿವೆ. ದೊಡ್ಡ ಪ್ರಯೋಗಾಲಯದ ಮುಖ್ಯಸ್ಥರ ಕೆಲಸದಲ್ಲಿ ದೋಷ ಕಂಡ ಕಿರಿಯ ಸಂಶೋಧಕಿ ತನ್ನ ಹೆಸರಿನಲ್ಲಿ ಅದನ್ನು ಹೇಳಿದರೆ ಮುಂದೆ ಅವಳಿಗೆ ಕೆಲಸ ಸಿಗುವುದೇ ಕಷ್ಟ. ಹೆಸರು ಕಡ್ಡಾಯ ಮಾಡಿದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ದೋಷ ಹಾಗೇ ಉಳಿಯುತ್ತದೆ. ನಿಜವಾದ ಹೆಸರಿನ ನಿಯಮ ಕೇಳುವವರು ಈ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಣಿತಜ್ಞರ ಪ್ರಶ್ನೋತ್ತರ ತಾಣ ಮ್ಯಾಥ್‌ಓವರ್‌ಫ್ಲೋ 2009ರಲ್ಲಿ ಶುರುವಾದಾಗ ಮಧ್ಯದ ದಾರಿ ಹಿಡಿಯಿತು. ನಿಜವಾದ ಹೆಸರು ಬಳಸಿ ಎಂದು ಪ್ರೋತ್ಸಾಹಿಸುತ್ತದೆ, ಕಡ್ಡಾಯ ಮಾಡುವುದಿಲ್ಲ. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ಟಾವೊ ಅಲ್ಲಿ ಸ್ವಂತ ಹೆಸರಿನಲ್ಲಿ ಉತ್ತರಿಸುತ್ತಾರೆ. ಹೆಸರು ಗೊತ್ತಿಲ್ಲದವರೂ ಉತ್ತರಿಸುತ್ತಾರೆ. ಕೊಟ್ಟ ಪುರಾವೆ ಸರಿ ಇದೆಯೇ ಎಂದು ಓದಿ ನೋಡಬಹುದು, ಅಷ್ಟು ಸಾಕು. ಗಣಿತಕ್ಕೆ ಈ ಅನುಕೂಲ ಇದೆ. ಧರ್ಮ, ಇತಿಹಾಸ, ಸಮಾಜದ ವಿಷಯಗಳಲ್ಲಿ ಪರೀಕ್ಷೆ ಇಷ್ಟು ಸುಲಭವಲ್ಲ. ಅದಕ್ಕೇ ಅಲ್ಲಿ ಪದವಿಯ ಆಸೆ ಜಾಸ್ತಿ, ಆಧಾರದ ಅಗತ್ಯವೂ ಜಾಸ್ತಿ.

ಆಮೇಲೆ ಹುಡುಕಿದ ಪರಿಹಾರಗಳು

ಗಲಾಟೆಯ ನಂತರ ವೇಲ್ಸ್ ಒಂದು ಪ್ರಸ್ತಾಪ ಇಟ್ಟರು. ಪದವಿ ಇದೆ ಎಂದು ಹೇಳಿಕೊಳ್ಳುವವರು ಬೇಕಿದ್ದರೆ ಅದನ್ನು ಪರಿಶೀಲನೆ ಮಾಡಿಸಿಕೊಳ್ಳಲಿ. ಸಮುದಾಯ ಒಪ್ಪಲಿಲ್ಲ. ವಿಕಿಪೀಡಿಯವನ್ನು ನಡೆಸುವ ಸಂಸ್ಥೆ ವಿಕಿಮೀಡಿಯ ಫೌಂಡೇಶನ್‌ನ ಅಂದಿನ ಅಧ್ಯಕ್ಷೆ ಫ್ಲಾರೆನ್ಸ್ ಡೆವುವಾರ್ ಅವರೇ ಒಪ್ಪಲಿಲ್ಲ. ಮುಖ್ಯವಾದದ್ದು ಬರಹದ ಗುಣಮಟ್ಟ, ಅದನ್ನು ಆಧಾರ ಕೊಡಿ ಎನ್ನುವ ನಿಯಮದಿಂದ ಸುಧಾರಿಸಬಹುದು, ಬರೆದವರ ಪದವಿಯಿಂದ ಅಲ್ಲ ಎನ್ನುವುದು ಅವರ ನಿಲುವು. ಅವರ ಮಾತು ಸರಿ ಎಂದು ನನಗೂ ಅನಿಸುತ್ತದೆ. ಪರಿಶೀಲಿಸಿದ ಪದವಿಗೆ ಒಂದು ಮುದ್ರೆ ಬಿದ್ದರೆ ಆ ಮುದ್ರೆಯನ್ನೇ ವಾದದಲ್ಲಿ ಬಳಸುತ್ತಾರೆ. ಪುಸ್ತಕ, ಪುಟದ ಸಂಖ್ಯೆ ಕೇಳುವ ಅಭ್ಯಾಸ ಇನ್ನೂ ಸಡಿಲವಾಗುತ್ತದೆ.

ಇನ್ನೊಂದು ಪರಿಹಾರ ಹೊರಗಿನಿಂದ ಬಂತು. ವಿಕಿಪೀಡಿಯದ ಇನ್ನೊಬ್ಬ ಸಹಸ್ಥಾಪಕ ಲ್ಯಾರಿ ಸ್ಯಾಂಗರ್ ಆ ಹೊತ್ತಿಗೆ ಸಿಟಿಜೆಂಡಿಯಂ ಎನ್ನುವ ಬೇರೆ ವಿಶ್ವಕೋಶ ಕಟ್ಟುತ್ತಿದ್ದರು. ಅಲ್ಲಿ ನಿಜವಾದ ಹೆಸರು ಕಡ್ಡಾಯವಾಗಿತ್ತು. ವಿಷಯ ಬಲ್ಲವರು ಪದವಿ ತೋರಿಸಿ ಸಂಪಾದಕರಾಗಬೇಕಿತ್ತು, ಅವರೇ ಲೇಖನಗಳಿಗೆ ಒಪ್ಪಿಗೆ ಕೊಡಬೇಕಿತ್ತು. ಅದು ಸಾರ್ವಜನಿಕರಿಗೆ ತೆರೆದದ್ದು 2007ರ ಮಾರ್ಚ್ 25ರಂದು, ಎಸ್‌ಜೇ ಹೊರಹೋದ ಮೂರು ವಾರಕ್ಕೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾರಿಗೂ ಸಿಗಲಾರದು. ಹಾಗಿದ್ದೂ ಅದು ಬೆಳೆಯಲಿಲ್ಲ. 2011ರ ಹೊತ್ತಿಗೆ ಅಲ್ಲಿ ಸುಮಾರು 16 ಸಾವಿರ ಲೇಖನಗಳಿದ್ದವು. ತಜ್ಞರು ಒಪ್ಪಿಗೆ ಕೊಟ್ಟವು ಇನ್ನೂರರ ಒಳಗೇ ಉಳಿದವು. ಇಂಗ್ಲಿಷ್ ವಿಕಿಪೀಡಿಯ 2006ರಲ್ಲೇ ಹತ್ತು ಲಕ್ಷ ದಾಟಿತ್ತು.

ಸಂಖ್ಯೆಯೊಂದೇ ಅಳತೆಯಲ್ಲ. ಸಿಟಿಜೆಂಡಿಯಂನ ಕೆಲವು ಲೇಖನಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಬಾಗಿಲಲ್ಲೇ ಹೆಸರು, ಗುರುತು ಕೇಳಿದಾಗ ಒಳಗೆ ಬಾರದೆ ಉಳಿದವರು ಸುಳ್ಳುಗಾರರಷ್ಟೇ ಅಲ್ಲ. ತಪ್ಪಕ್ಷರ ತಿದ್ದುವವರು, ಒಂದು ಚಿಕ್ಕ ವಿಷಯವನ್ನು ಆಳವಾಗಿ ಬಲ್ಲವರು, ಕೆಲಸದ ಜಾಗದಲ್ಲಿ ಗೊತ್ತಾದರೆ ತೊಂದರೆ ಎನ್ನುವವರು ಎಲ್ಲರೂ ಹೊರಗೇ ಉಳಿದರು. ಎಸ್‌ಜೇ ಮಾಡುತ್ತಿದ್ದಂಥ ಬೇಸರದ, ದಿನನಿತ್ಯದ ಕೆಲಸ ಮಾಡುವವರು ಇವರೇ.

ಸೂಕ್ಷ್ಮ ಮಾಹಿತಿ ನೋಡುವ ಅಧಿಕಾರ ಇರುವವರ ಗುರುತು ಫೌಂಡೇಶನ್‌ಗೆ ಗೊತ್ತಿರಬೇಕು ಎನ್ನುವ ನಿಯಮ 2007ರಲ್ಲೇ ಬಂತು. ಇದು ಸರಿಯಾದ ಜಾಗದಲ್ಲಿ ಬಂದ ನಿಯಮ. ಬೇರೆಯವರ ಇಂಟರ್ನೆಟ್ ವಿಳಾಸ ನೋಡುವವನು ಯಾರು ಎಂದು ಯಾರಾದರೂ ಒಬ್ಬರಿಗಾದರೂ ಗೊತ್ತಿರಬೇಕು. ಅದನ್ನು ಊರಿಗೆಲ್ಲ ಸಾರಬೇಕಾಗಿಲ್ಲ.

ಇದೇ ದಾರಿಯಲ್ಲಿ ಮುಂದಿನ ಹೆಜ್ಜೆ ಬಂದದ್ದು 2014ರ ಜೂನ್‌ನಲ್ಲಿ, ಬೇರೆಯದೇ ತೊಂದರೆಯಿಂದ. ಕಂಪನಿಗಳಿಂದ ಹಣ ಪಡೆದು ಅವರ ಪರವಾಗಿ ಲೇಖನ ಬರೆಯುವವರು ಹೆಚ್ಚಾಗಿದ್ದರು. ಆಗ ಬಳಕೆಯ ನಿಯಮಕ್ಕೆ ಒಂದು ಸೇರ್ಪಡೆ ಆಯಿತು. ಹಣ ಪಡೆದು ಬರೆಯುವವರು ಯಾರು ಕೊಡುತ್ತಿದ್ದಾರೆ, ಯಾರ ಪರವಾಗಿ ಬರೆಯುತ್ತಿದ್ದೇವೆ ಎಂದು ಹೇಳಲೇಬೇಕು. ತಮ್ಮ ಹೆಸರು ಹೇಳಬೇಕಾಗಿಲ್ಲ. ಓದುವವರಿಗೆ, ಜೊತೆಯಲ್ಲಿ ವಾದಿಸುವವರಿಗೆ ನಿಜವಾಗಿ ಏನು ಗೊತ್ತಿರಬೇಕೋ ಅಷ್ಟನ್ನು ಮಾತ್ರ ಕೇಳುವ ನಿಯಮ ಇದು.

ಪದವಿಯ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ನಿಯಮ ಇವತ್ತಿಗೂ ಇಲ್ಲ. ಪರಿಚಯದ ಪುಟಗಳಲ್ಲಿ ಈ ಬಳಕೆದಾರರಿಗೆ ಪಿಎಚ್‌ಡಿ ಇದೆ ಎನ್ನುವ ಪಟ್ಟಿಗಳನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಅಂಟಿಸಿಕೊಂಡವರಲ್ಲಿ ಬಹಳ ಜನ ಪ್ರಾಮಾಣಿಕರೇ ಇರುತ್ತಾರೆ. ಪಟ್ಟಿ ಪುಟದಲ್ಲಿ ಇರುವ ತನಕ ಅದರಿಂದ ತೊಂದರೆಯೂ ಇಲ್ಲ. ಅದು ಚರ್ಚೆಯೊಳಗೆ ಬಂದ ಕ್ಷಣ ಎದುರಿಗಿರುವ ಹೊಸಬರು ಹಿಂದೆ ಸರಿಯಬೇಕಾಗಿಲ್ಲ. ಪದವಿ ನಿಜವೋ ಸುಳ್ಳೋ ಎಂದು ಕೆದಕುವುದೂ ಬೇಡ. ಯಾವ ಪುಸ್ತಕ, ಯಾವ ಪುಟ ಎಂದು ಕೇಳಲಿ. ನಿಜವಾದ ಪ್ರೊಫೆಸರ್‌ಗೆ ಆ ಪ್ರಶ್ನೆಯಿಂದ ಅವಮಾನ ಆಗುವುದಿಲ್ಲ. ತರಗತಿಯಲ್ಲಿ ಅವರು ದಿನವೂ ಕೇಳುವ ಪ್ರಶ್ನೆ ಅದೇ.